ಅಕ್ಕ ಕಾಣಕೋಣದಲ್ಲಿ, ತಂಗಿ ಮಾಜಾಳಿಯಲ್ಲಿ

ಕಾರವಾರದಲ್ಲಿ ಚಹಾಕ್ಕೆ ಕೂತಾಗ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. "ಗೋವೆಯವರೇ ಬೇರೆ ಮಾರಾಯ್ರೆ, ಅಲ್ಲಿ ಹೆಂಗಸರ ಮಾತು ನಡೀತದೆ. ಅದು ಅವರ ರಕ್ತದಲ್ಲೇ ಉಂಟು." ಆ 'ರಕ್ತ' ಅನ್ನುವ ಪದ ಬಂದ ಕೂಡಲೇ ನನಗೆ ಸುಮ್ನೆ ಕೂರಲಾಗುವುದಿಲ್ಲ. ಮಾಜಾಳಿ ಗಡಿ ದಾಟಿದರೆ ಗೋವೆಯ ಕಾಣಕೋಣ ತಾಲೂಕು. ಅಲ್ಲೂ ಕೊಂಕಣಿ, ಇಲ್ಲೂ ಕೊಂಕಣಿ. ಮಳೆ ಅದೇ, ಬಂಗಡೆ ಅದೇ. ನಮ್ಮ ಕಡೆಯ ಎಷ್ಟೋ ಮನೆಗಳ ಕುಲದೇವರು ಗೋವೆಯಲ್ಲೇ ಇದ್ದಾರೆ. ಚೆಕ್‌ಪೋಸ್ಟ್ ದಾಟುವಾಗ ರಕ್ತ ಬದಲಾಗುತ್ತದೆಯೇ?

ಹಳೆಯ ಕಥೆ ನೋಡಿದರೆ ಇನ್ನೂ ಸ್ವಾರಸ್ಯ. ಗಡಿಯ ಈ ಎರಡೂ ಮಗ್ಗುಲು ಬಹುಕಾಲ ಒಬ್ಬನೇ ಅರಸನ ಕೈಯಲ್ಲಿದ್ದವು. ಶಿರಸಿ ಹತ್ತಿರದ ಸೋದೆ ಅರಸರದ್ದು ಅದು. ಕಾಳಿ ನದಿ ಬಾಯಿಯ ಸದಾಶಿವಗಡ ಕೋಟೆಯೂ ಅವರದ್ದೇ. 1760ರ ದಶಕದಲ್ಲಿ ಹೈದರಾಲಿ ಏರಿ ಬಂದಾಗ ಸೋದೆಯ ಅರಸ ಗೋವೆಗೆ ಓಡಿ ಪೋರ್ಚುಗೀಸರ ಆಶ್ರಯ ಪಡೆದ. ಘಟ್ಟದ ಕೆಳಗಿನ ಅವನ ಸೀಮೆಯಲ್ಲಿ ಕಾಣಕೋಣ ಪೋರ್ಚುಗೀಸರಿಗೆ ಹೋಯಿತು. ಕಾರವಾರ ಹೈದರನಿಗೆ, 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರಿಗೆ, 1862ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ. ಯುದ್ಧದ ಗಲಾಟೆಯಲ್ಲಿ ಎಳೆದ ಗೆರೆ ಅದು, ಜನರ ಸ್ವಭಾವ ನೋಡಿ ಯಾರೂ ಎಳೆದದ್ದಲ್ಲ. ಸಮಾಜವನ್ನು ಅಭ್ಯಾಸ ಮಾಡುವವರು ಇಂಥ ಗೆರೆಗಾಗಿಯೇ ಹುಡುಕುತ್ತಿರುತ್ತಾರೆ.

ಯಾಕೆ? ಬಂಗಡೆ ಸಾರನ್ನೇ ತಗೊಳ್ಳಿ. ಎರಡು ಪಾತ್ರೆ ಇಡಿ. ಮೀನು, ಕಾಯಿ, ಮೆಣಸು, ಹುಳಿ ಎಲ್ಲ ಒಂದೇ ಅಳತೆ, ಒಂದಕ್ಕೆ ಮಾತ್ರ ಜುಮ್ಮನಕಾಯಿ ಹಾಕಿ. ರುಚಿ ಬೇರೆಯಾದರೆ ಅದು ಯಾವುದರಿಂದ ಅಂತ ಹೇಳಲು ಪಂಡಿತರು ಬೇಡ. ಶಿರಸಿಯ ತೋಟಿಗರಿಗೂ ಇದು ಗೊತ್ತು. ಅಡಿಕೆ ಕೊಳೆಗೆ ಬೋರ್ಡೋ ಹೊಡೆಯುವಾಗ ಒಂದು ಸಾಲು ಹಾಗೇ ಬಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಔಷಧಿಯ ಕೆಲಸ ಕಣ್ಣಿಗೆ ಕಾಣುತ್ತದೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಇದಕ್ಕೆ ವ್ಯತ್ಯಾಸದ ವಿಧಾನ ಎಂದು ಹೆಸರು ಕೊಟ್ಟ. ಉಳಿದದ್ದೆಲ್ಲ ಒಂದೇ ಇದ್ದು ಒಂದು ಮಾತ್ರ ಬೇರೆಯಾಗಿದ್ದರೆ, ಫಲದ ವ್ಯತ್ಯಾಸಕ್ಕೆ ಆ ಒಂದೇ ಕಾರಣ.

ಆದರೆ ಇತಿಹಾಸದಲ್ಲಿ ಪಾತ್ರೆ ಇಡುವವರು ನಾವಲ್ಲ. ಸಾರು ಎಂದೋ ಕುದಿದು ಹೋಗಿದೆ. ಹೈದರನನ್ನು ಇನ್ನೊಮ್ಮೆ ಕರೆಸಿ, ಈ ಸಲ ಬರಬೇಡ ಅನ್ನಲಾಗುವುದಿಲ್ಲ. ತಾನಾಗೇ ಇಬ್ಭಾಗವಾದ ಊರನ್ನು ಹುಡುಕುವುದೊಂದೇ ದಾರಿ.

ಈಗ ಆ ಗೆರೆಯ ಆಚೆ ಈಚೆ ನೋಡಿ. ಪೋರ್ಚುಗೀಸರ 1867ರ ನಾಗರಿಕ ಸಂಹಿತೆ 1870ರಲ್ಲಿ ಗೋವೆಗೆ ಬಂತು. ಹಿಂದೂಗಳ ಕೆಲವು ರೂಢಿಗಳಿಗೆ 1880ರಲ್ಲಿ ವಿನಾಯಿತಿ ಸಿಕ್ಕಿತು ನಿಜ, ಆದರೂ ಅದರ ತಿರುಳು 1961ರಲ್ಲಿ ಪೋರ್ಚುಗೀಸರು ಹೋದ ಮೇಲೂ ಉಳಿಯಿತು. ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಅರ್ಧರ್ಧ. ಗಂಡ ಜಾಗ ಮಾರಬೇಕಾದರೆ ಹೆಂಡತಿಯ ಸಹಿ ಬೇಕು. ಆಸ್ತಿಯ ಅರ್ಧದಲ್ಲಿ ಮಕ್ಕಳ ಪಾಲನ್ನು ತಪ್ಪಿಸಿ ಉಯಿಲು ಬರೆಯುವಂತಿಲ್ಲ, ಅದರಲ್ಲಿ ಗಂಡು ಹೆಣ್ಣು ಸಮ. ನಮ್ಮ ಕಡೆ? ಹಿಂದೂ ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ ಹೇಳಿದ್ದು 1994ರಲ್ಲಿ, ಇಡೀ ದೇಶ ಹೇಳಿದ್ದು 2005ರಲ್ಲಿ. ಇಷ್ಟು ದೊಡ್ಡ ಅಂತರವನ್ನು ಬಿಟ್ಟು ರಕ್ತದ ಮಾತು ಯಾಕೆ ಆಡಬೇಕು, ಅಲ್ವಾ?

ಹಾಗಂತ 'ಕಾನೂನೇ ಕಾರಣ, ಮುಗೀತು' ಅಂದರೆ ಅದೂ ಅವಸರವೇ. 1888ರಲ್ಲಿ ಲಂಡನ್ನಿನಲ್ಲಿ ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ ಮುನ್ನೂರಕ್ಕೂ ಹೆಚ್ಚು ಜನಾಂಗಗಳ ಮದುವೆ ಪದ್ಧತಿಗಳನ್ನು ಲೆಕ್ಕ ಹಾಕಿ ಒಂದು ಪ್ರಬಂಧ ಓದಿದ. ಅಲ್ಲಿದ್ದ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಒಂದೇ ಪ್ರಶ್ನೆ ಎತ್ತಿದ. ಇವು ನಿಜಕ್ಕೂ ಬೇರೆ ಬೇರೆ ಉದಾಹರಣೆಗಳೋ, ಅಥವಾ ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತದ್ದನ್ನೇ ಎರಡೆರಡು ಸಲ ಎಣಿಸಿದ್ದೀರೋ? ಅಷ್ಟು ದೊಡ್ಡ ಲೆಕ್ಕವನ್ನು ಅಲ್ಲಾಡಿಸುವ ಪ್ರಶ್ನೆ ಅದು, ನನಗಂತೂ ಬಹಳ ಇಷ್ಟ. ಔಷಧಿ ಹೊಡೆಯದ ಸಾಲಿನ ಕೊಳೆ ಗಾಳಿಮಳೆಯಲ್ಲಿ ಪಕ್ಕದ ಸಾಲಿಗೂ ಹಾರುತ್ತದೆ. ಹಾಗೆಯೇ ಮಾಜಾಳಿಯ ಹುಡುಗ ಮಡಗಾಂವಿನಲ್ಲಿ ಕೆಲಸ ಮಾಡುತ್ತಾನೆ, ಕಾಣಕೋಣದ ಹುಡುಗಿ ಸೊಸೆಯಾಗಿ ಇಲ್ಲಿಗೆ ಬರುತ್ತಾಳೆ. ಎರಡು ಪಾತ್ರೆಯ ಸಾರು ಸ್ವಲ್ಪ ಸ್ವಲ್ಪ ಬೆರೆಯುತ್ತಲೇ ಇದೆ. ಮೇಲಾಗಿ ಕಾನೂನೊಂದೇ ಬೇರೆಯೂ ಅಲ್ಲ, ಗೋವೆ ಈಗ ತನ್ನದೇ ಸರ್ಕಾರ ಇರುವ ಪುಟ್ಟ ರಾಜ್ಯ. ಸಮಾಜದ ವಿಷಯಕ್ಕೆ ತನ್ನ ವಿಧಾನವನ್ನು ನೇರವಾಗಿ ಹಚ್ಚಬೇಡಿ ಎಂದು ಮಿಲ್ ತಾನೇ ಎಚ್ಚರಿಸಿದ್ದ.

ಹಾಗಾದರೆ ಏನು ಮಾಡುವುದು? ಇನ್ನೂ ಹತ್ತಿರದ ಜೋಡಿ ಹುಡುಕುವುದು. ಒಂದೇ ಮನೆಯ ಅಕ್ಕತಂಗಿಯರು, ಅಕ್ಕನನ್ನು ಕಾಣಕೋಣಕ್ಕೆ ಕೊಟ್ಟಿದ್ದಾರೆ, ತಂಗಿಯನ್ನು ಮಾಜಾಳಿಯಲ್ಲೇ. ಗಡಿ ಊರುಗಳಲ್ಲಿ ಇಂಥ ಜೋಡಿ ಕಷ್ಟವಿಲ್ಲದೆ ಸಿಗುತ್ತವೆ. ಇವರಲ್ಲಿ ರಕ್ತವಂತೂ ಒಂದೇ. ಈ ಇಬ್ಬರ ಮನೆಯ ಪೆಟ್ಟಿಗೆಯಲ್ಲಿರುವ ಜಾಗದ ಹಳೇ ಕಾಗದಗಳನ್ನು ಬಿಚ್ಚಿ, ಮಾರಿದ ಕೊಂಡ ಒಂದೊಂದು ಪತ್ರದ ಕೆಳಗೂ ಯಾರ ಯಾರ ಸಹಿ ಇದೆ ಎಂದು ಮೊದಲು ನೋಡಬೇಕು. ಆ ಸಹಿ ಹಾಕುವ ದಿನ ಮನೆಯಲ್ಲಿ ಏನೇನು ಮಾತಾಯಿತು ಎಂದು ಆಮೇಲೆ ಕೇಳಬೇಕು.