ಬಾಡಿಗೆ ಮನೆ ರಿಪೇರಿ: ಬಣ್ಣ ಆಮೇಲೆ, ಬಚ್ಚಲು ಮೊದಲು

ಬಾಡಿಗೆದಾರರು ಮನೆ ಖಾಲಿ ಮಾಡಿದ ಕೂಡಲೇ ಹೆಚ್ಚಿನ ಮಾಲೀಕರು ಪೇಂಟರ್‌ಗೆ ಫೋನ್ ಮಾಡುತ್ತಾರೆ. ಬೆಡ್‌ರೂಮ್ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದ್ದರೆ ಕೆರೆದು, ಪುಟ್ಟಿ ಹಚ್ಚಿ, ಎರಡು ಕೋಟ್ ಹೊಡೆಸಿಬಿಡುತ್ತಾರೆ. ಆ ಗೋಡೆಯ ಆಚೆಗೆ ಬಾತ್‌ರೂಮ್ ಇದೆಯೇ ಎಂದು ನೋಡುವುದಿಲ್ಲ. ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಬಿಳಿ ಉಪ್ಪು ಎದ್ದು, ಪುಟ್ಟಿ ಪದರ ಪದರವಾಗಿ ಉದುರುತ್ತದೆ. ಒಳಗೆ ಇಳಿದ ನೀರು ಇಟ್ಟಿಗೆ, ಸಿಮೆಂಟಿನ ಲವಣವನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ನೀರು ಆರಿದ ಮೇಲೆ ಲವಣ ಹರಳುಗಟ್ಟಿ ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ಎಷ್ಟು ದುಬಾರಿ ಬಣ್ಣ ಹಚ್ಚಿದರೂ ಇದು ನಿಲ್ಲದು.

ಹಾಗೆಂದು ತಕ್ಷಣ ಟೈಲ್ಸ್ ಒಡೆಸಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಪತ್ತೆ ಮಾಡಿ. ಎಲ್ಲ ನಲ್ಲಿಗಳನ್ನೂ ಫ್ಲಶ್ ಟ್ಯಾಂಕಿನ ಆ್ಯಂಗಲ್ ವಾಲ್ವನ್ನೂ (ಟ್ಯಾಂಕಿಗೆ ನೀರು ಬರುವ ಪೈಪಿನ ಪುಟ್ಟ ನಲ್ಲಿ) ಮುಚ್ಚಿ, ಒಂದು ಗಂಟೆ ನೀರಿನ ಮೀಟರ್ ಗಮನಿಸಿ. ಮುಳ್ಳು ಕದಲಿದರೆ ಗೋಡೆಯೊಳಗಿನ ಪೈಪ್ ಸೋರುತ್ತಿರಬಹುದು. ಕದಲದಿದ್ದರೆ ನೆಲದ ಟ್ರ್ಯಾಪ್ (ಬಚ್ಚಲ ನೀರು ಹೊರಹೋಗುವ ಕಂಡಿ) ಬಾಯಿ ಮುಚ್ಚಿ, 25 ಮಿ.ಮೀ. ಎತ್ತರಕ್ಕೆ ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಡಿ. ಕೆಳಗಿನ ಛಾವಣಿಯಲ್ಲೋ ಪಕ್ಕದ ಗೋಡೆಯಲ್ಲೋ ತೇವ ಕಂಡರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ಆಗಲೂ ಒಣಗಿದ್ದು, ಮುಚ್ಚಳ ತೆಗೆದು ನೀರು ಹರಿಯಬಿಟ್ಟಾಗ ಮಾತ್ರ ಜಿನುಗಿದರೆ ಟ್ರ್ಯಾಪ್ ಅಥವಾ ಡ್ರೈನ್ ಪೈಪಿನ ಜಾಯಿಂಟ್ ನೋಡಬೇಕು. ಈ ಮೂರಕ್ಕೂ ರಿಪೇರಿ ಬೇರೆ, ಖರ್ಚೂ ಬೇರೆ.

ನೆಲವೇ ಕೆಟ್ಟಿದ್ದರೆ ಟೈಲ್ಸ್ ಮೇಲೆ ಟೈಲ್ಸ್ ಕೂರಿಸುವುದು ಹಣ ದಂಡ. ಹಳೆ ಗಾರೆಯನ್ನು ಸ್ಲ್ಯಾಬ್‌ವರೆಗೆ ಕಿತ್ತು, ದೂಳು ಗುಡಿಸಿ, ಪೈಪ್ ಹಾದುಹೋಗುವ ರಂಧ್ರಗಳ ಸುತ್ತ ಕುಗ್ಗದ ಗ್ರೌಟ್ (ಸಂದು ತುಂಬುವ ಗಾರೆ) ತುಂಬಿಸಿ. ಗೋಡೆ ಮತ್ತು ನೆಲ ಸೇರುವ ಮೂಲೆ ಚೂಪಾಗಿ ಉಳಿಯಬಾರದು. ಅಲ್ಲಿ ಗಾರೆಯನ್ನು ಸುಮಾರು 25 ಮಿ.ಮೀ. ಇಳಿಜಾರಾಗಿ ಕೊಟ್ಟು, ಫೈಬರ್ ಮೆಶ್ ಹಾಸಿಸಿ. ನೀರು ತಡೆಯಲು ಮೇಲೆ ಬಳಿಯುವ ಲೇಪನ ಮೊದಲು ಬಿರಿಯುವುದು ಅಲ್ಲೇ. ಪಾಲಿಮರ್ ಬೆರೆತ ಸಿಮೆಂಟ್ ಲೇಪನ ಎರಡು ಕೋಟ್ ಬೇಕು: ಮೊದಲನೆಯದು ಉದ್ದಕ್ಕೆ, ಅದು ಆರಿದ ಮೇಲೆ ಇನ್ನೊಂದು ಅಡ್ಡಕ್ಕೆ. ಗೋಡೆ ಮೇಲೆ 300 ಮಿ.ಮೀ., ಶವರ್ ಇರುವ ಕಡೆ 1,800 ಮಿ.ಮೀ. ಎತ್ತರದವರೆಗೆ ಹೋಗಲಿ. ಡಬ್ಬದ ಮೇಲೆ ಬರೆದಷ್ಟು ದಿನ ಆರಿದ ಬಳಿಕ ಮತ್ತೆ ನೀರು ನಿಲ್ಲಿಸಿ ಪರೀಕ್ಷಿಸಿ, ಈ ಸಲ 48 ಗಂಟೆ. ಕೆಲಸ ಬೇಗ ಮುಗಿಸುವ ಆತುರದಲ್ಲಿ ಮೇಸ್ತ್ರಿಗಳು ಬಿಟ್ಟುಬಿಡುವುದು ಇದನ್ನೇ. ಈ ಪರೀಕ್ಷೆ ಮುಗಿಯದೆ ಟೈಲ್ಸ್ ಕೆಲಸದ ಹಣ ಕೊಡಬೇಡಿ.

ಟ್ರ್ಯಾಪ್ ಕಡೆಗೆ ಮೀಟರಿಗೆ 12 ಮಿ.ಮೀ. ವಾಟ ಸಾಕು. ಟೈಲ್ಸ್ ಸಂದುಗಳಿಗೆ ಎಪಾಕ್ಸಿ (ರಾಳದ) ಗ್ರೌಟ್. ಗೋಡೆ ನೆಲ ಕೂಡುವಲ್ಲಿ ಮಾತ್ರ ರಬ್ಬರಿನಂತೆ ಬಾಗುವ ಸಿಲಿಕಾನ್ ಸೀಲೆಂಟ್, ಏಕೆಂದರೆ ಅಲ್ಲಿ ಸಣ್ಣ ಅಲುಗಾಟ ಇದ್ದೇ ಇರುತ್ತದೆ, ಗಟ್ಟಿ ಗ್ರೌಟ್ ಬಿರುಕು ಬಿಡುತ್ತದೆ. ಉಳಿದ ನಾಲ್ಕಾರು ಟೈಲ್ಸ್ ಎತ್ತಿಡಿ, ಅದೇ ಬಣ್ಣ ಮುಂದೆ ಸಿಗುವುದಿಲ್ಲ.

ಬಣ್ಣದ ಸರದಿ ಬರುವುದು ಗೋಡೆ ಪೂರ್ತಿ ಆರಿದ ಮೇಲೆ. ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ, ಮರುದಿನ ತೆಗೆದಾಗ ಒಳಮೈಯಲ್ಲಿ ಹನಿ ಕಂಡರೆ ಇನ್ನೂ ಕಾಯಿರಿ.

ಕಾಯುವುದಕ್ಕೂ ಲೆಕ್ಕವಿದೆ, ನಿಜ. ಮನೆ ಒಂದು ತಿಂಗಳು ಖಾಲಿ ಇದ್ದರೆ ವರ್ಷದ ಬಾಡಿಗೆಯಲ್ಲಿ ಶೇ. 8.3 ಹೋಯಿತು. ಬಾಡಿಗೆಯನ್ನು ಶೇ. 5 ಏರಿಸಿದರೂ ಆ ಒಂದು ತಿಂಗಳ ನಷ್ಟ ತುಂಬಲು 20 ತಿಂಗಳು ಬೇಕು. ಆದರೆ ತೇವದ ಗೋಡೆಗೆ ಬಣ್ಣ ಬಳಿದು ಕೊಟ್ಟ ಮನೆಯಿಂದ ಬಾಡಿಗೆದಾರರು ವರ್ಷ ತುಂಬುತ್ತಲೇ ಹೊರಡುತ್ತಾರೆ, ನಷ್ಟ ಮತ್ತೆ ಎದುರಾಗುತ್ತದೆ. ಹಾಗಾಗಿ ಬಾಡಿಗೆದಾರರು ಬಿಡುವ ಮುನ್ಸೂಚನೆ ಕೊಟ್ಟ ವಾರದಲ್ಲೇ, ಅವರ ಒಪ್ಪಿಗೆ ಪಡೆದು ಮನೆ ನೋಡಿ ಬನ್ನಿ. ಮೇಸ್ತ್ರಿ, ಸಾಮಾನು ಗೊತ್ತುಮಾಡಿಕೊಳ್ಳಲು ಸಮಯ ಸಿಗುತ್ತದೆ.

ಮನೆ ಖಾಲಿ ಇರುವಷ್ಟು ದಿನ ವಾರಕ್ಕೊಮ್ಮೆ ಪ್ರತಿ ಟ್ರ್ಯಾಪ್‌ಗೂ ಒಂದು ಚೊಂಬು ನೀರು ಸುರಿಯಿರಿ. ಅದರೊಳಗೆ ನಿಂತ ನೀರು ಆರಿದರೆ ಚರಂಡಿಯ ವಾಸನೆ, ಜಿರಳೆ ಎರಡೂ ಮೇಲೆ ಬರುತ್ತವೆ, ಮನೆ ನೋಡಲು ಬಂದವರು ಬಾಗಿಲಲ್ಲೇ ಹಿಂತಿರುಗುತ್ತಾರೆ.