ಪದ ಪರಿಚಯ: ಓಪಿಯಾಯ್ಡ್ ಅವಲಂಬನೆ

ಡಿಸೆಂಬರ್ ಬಂತೆಂದರೆ ಕೊಡಗಿನಲ್ಲಿ ಕಾಫಿ ಕೊಯ್ಲು, ಅದರ ಹಿಂದೆಯೇ ಏಣಿ ಹತ್ತಿ ಮೆಣಸು ಕೊಯ್ಲು. ಸೊಂಟ, ಮಂಡಿ, ಭುಜ ಹಿಡಿದುಕೊಳ್ಳದವರೇ ಕಡಿಮೆ. ಮೆಡಿಕಲ್ ಶಾಪಿನಲ್ಲಿ ‘ಹೋದ ಸಲದ್ದೇ ಕೊಡಿ’ ಎಂದು ಖಾಲಿ ಸ್ಟ್ರಿಪ್ ತೋರಿಸುತ್ತೇವೆ, ಅಲ್ವಾ? ಮೊದಲು ಅದರ ಹಿಂದೆ ಬರೆದಿರುವ ಹೆಸರು ಓದಬೇಕು.

ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇರೆ ಜಾತಿಯ ಮಾತ್ರೆಗಳು. ಜಾಸ್ತಿ ದಿನ ನುಂಗಿದರೆ ಹೊಟ್ಟೆ, ಕಿಡ್ನಿ ಕೆಡಬಹುದು, ಆದರೆ ಅಮಲಿನ ಚಟ ಹತ್ತಿಸುವುದಿಲ್ಲ. ಟ್ರಮಡಾಲ್, ಟಪೆಂಟಡಾಲ್, ಕೊಡೀನ್, ಮಾರ್ಫಿನ್ ಎಂದಿದ್ದರೆ ಅದು ಓಪಿಯಾಯ್ಡ್, ಅಫೀಮಿನಂತೆ ಮಿದುಳಿನ ಮೇಲೆ ಕೆಲಸ ಮಾಡುವ ಔಷಧ. ನೋವು ತಗ್ಗಿಸುತ್ತದೆ, ಜೊತೆಗೆ ಒಂದು ಹಿತವನ್ನೂ ಕೊಡುತ್ತದೆ.

ಕೆಲವು ವಾರ ದಿನವೂ ತೆಗೆದುಕೊಂಡರೆ ದೇಹ ಒಗ್ಗಿಕೊಳ್ಳುತ್ತದೆ. ಒಂದು ಮಾತ್ರೆಗೆ ತಗ್ಗುತ್ತಿದ್ದ ನೋವು ಎರಡಕ್ಕೂ ತಗ್ಗುವುದಿಲ್ಲ. ತಟ್ಟನೆ ನಿಲ್ಲಿಸಿದರೆ ಮೈಕೈ ನೋವು, ಬೆವರು, ಮೂಗು ಸೋರುವುದು, ಭೇದಿ, ಚಡಪಡಿಕೆ. ಇದೇ ಅವಲಂಬನೆ. ಹಳೇ ನೋವೇ ಮರಳಿತು ಅಂದುಕೊಂಡು ಮತ್ತೊಂದು ಮಾತ್ರೆ ನುಂಗುವುದು ಇಲ್ಲೇ.

ಅವಲಂಬನೆ ಬೇರೆ, ಚಟ ಬೇರೆ. ವೈದ್ಯರು ಹೇಳಿದಷ್ಟೇ ಮಾರ್ಫಿನ್ ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿಯ ದೇಹವೂ ಅದಕ್ಕೆ ಒಗ್ಗಿರಬಹುದು. ಅವರಿಗೆ ಚಟ ಎನ್ನುವುದು ಅನ್ಯಾಯ. ಆ ಭಯದಿಂದ ಅವರ ಔಷಧಿ ನಿಲ್ಲಿಸಿ ನರಳಿಸುವುದು ಇನ್ನೂ ದೊಡ್ಡ ಅನ್ಯಾಯ. ಚಟದಲ್ಲಿ ನೋವಿಲ್ಲದಿದ್ದರೂ ಮಾತ್ರೆ ಬೇಕು. ಮನೆಯವರಿಂದ ಮುಚ್ಚಿಡುತ್ತಾರೆ, ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ, ಕೂಲಿ ದುಡ್ಡು ಕರಗುತ್ತಿದ್ದರೂ ಬಿಡಲಾಗುವುದಿಲ್ಲ. ಅದೂ ಒಂದು ಕಾಯಿಲೆ. ಬೈದರೆ ವಾಸಿಯಾಗುವುದಿಲ್ಲ.

ಪ್ರಾಣಾಪಾಯ ಬರುವುದು ಉಸಿರಿಗೆ. ಡೋಸ್ ಮೀರಿದರೆ ಉಸಿರಾಟ ನಿಧಾನವಾಗುತ್ತಾ ನಿಂತೇ ಹೋಗಬಹುದು. ಮದ್ಯವೋ ನಿದ್ದೆ ಮಾತ್ರೆಯೋ ಸೇರಿದರೆ ಅಪಾಯ ಇನ್ನೂ ಹೆಚ್ಚು. ಕೆಲವು ವಾರ ಬಿಟ್ಟಿದ್ದವರು ಮತ್ತೆ ಹಳೇ ಲೆಕ್ಕದಲ್ಲೇ ಶುರು ಮಾಡಿದರೆ ದೇಹ ತಡೆಯುವುದಿಲ್ಲ. ಟ್ರಮಡಾಲ್ ಹೆಚ್ಚಾದರೆ ಫಿಟ್ಸ್ ಬರಬಹುದು. ಅದು ಎಷ್ಟೋ ಸಲ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಜೊತೆ ಸೇರಿ ಬರುತ್ತದೆ. ದಿನಕ್ಕೆ ಹನ್ನೆರಡು ನುಂಗಿದರೆ ಪ್ಯಾರಾಸಿಟಮಾಲೇ 4 ಗ್ರಾಂ ಹತ್ತಿರ ಬಂತು. ಅದನ್ನು ದಾಟಿದರೆ ಲಿವರ್‌ಗೆ ಪೆಟ್ಟು. ಎಬ್ಬಿಸಿದರೂ ಏಳದೆ, ಗೊರಗೊರ ಉಸಿರಾಡುತ್ತಾ, ತುಟಿ ನೀಲಿಯಾಗಿದ್ದರೆ ನಿದ್ದೆ ಅಂತ ಸುಮ್ನೆ ಬಿಡಬೇಡಿ. ಪಕ್ಕಕ್ಕೆ ಹೊರಳಿಸಿ 108ಕ್ಕೆ ಕರೆ ಮಾಡಿ. ನಾಲೊಕ್ಸೋನ್ ಎಂಬ ಚುಚ್ಚುಮದ್ದು ಆ ಉಸಿರನ್ನು ಮರಳಿಸಬಲ್ಲದು. ಒಳತೋಟದಿಂದ ಆಸ್ಪತ್ರೆ ತಲುಪಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಕಾದು ನೋಡುವುದು ಬೇಡ.

2018ರಿಂದ ಟ್ರಮಡಾಲ್ ಮಾದಕವಸ್ತು ಕಾಯ್ದೆಯಡಿ ಇದೆ. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದ ಅಂಗಡಿಯವರು ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ.

ಬಿಡಬೇಕು ಅನಿಸಿದರೆ ಹಠ ಹಿಡಿದು ಒಂದೇ ದಿನ ನಿಲ್ಲಿಸಬೇಡಿ. ವೈದ್ಯರು ಡೋಸ್ ಹಂತಹಂತವಾಗಿ ಇಳಿಸುತ್ತಾರೆ, ಬೇಕಿದ್ದರೆ ಬುಪ್ರೆನಾರ್ಫಿನ್‌ನಂಥ ಔಷಧಿ ಕೊಡುತ್ತಾರೆ. ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಬಹುದು. ಅಷ್ಟು ದೂರ ಬರಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಗಲಾಗಲಿ ರಾತ್ರಿಯಾಗಲಿ, ದುಡ್ಡಿಲ್ಲದೆ.