ಆಟದ ನಡುವೆ ಆರಿಹೋಗುವ ಕಂಪ್ಯೂಟರ್: ಅಧ್ಯಯನ ಟಿಪ್ಪಣಿ

ಹೊಸನಗರದ ಕಡೆ ಇರುವ ಚಿಕ್ಕಪ್ಪನ ಮಗ ಅಡಿಕೆ ಸುಲಿತದ ದಿನಗಳಲ್ಲಿ ಫೋನ್ ಮಾಡಿದ. "ಅಣ್ಣಾ, ಗ್ರಾಫಿಕ್ಸ್ ಕಾರ್ಡ್ ಹೋಗಿದೆಯಂತೆ. ಅಂಗಡಿಯವರು ಹೇಳಿದರು. ಹೊಸದು ಹಾಕಿಸಲೇ?"

"ಹೇಗೆ ನಿಂತಿತು?" ಎಂದು ಕೇಳಿದೆ.

"ಆಟ ಆಡುವಾಗ ನಿಂತಿತು."

ಹಾರ್ಡ್‌ವೇರ್ ಕಲಿಯುತ್ತಿರುವ ನಾವೂ ದಾಖಲೆ ಪುಸ್ತಕದಲ್ಲಿ ಇಷ್ಟನ್ನೇ ಬರೆದುಕೊಳ್ಳುತ್ತೇವೆ: ಕ್ರ್ಯಾಶ್. ಜ್ವರ ಎಂದು ಬರೆದು ಔಷಧಿ ಕೊಟ್ಟ ಹಾಗೆ ಅದು. ಆ ಒಂದು ಪದದೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ. ಆಟ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣಿಸುವುದು ಒಂದು. ಚಿತ್ರ ಸ್ತಬ್ಧವಾಗಿ ಸದ್ದು ಒಂದೇ ಕಡೆ ಗುಂಯ್‌ಗುಟ್ಟುವುದು ಇನ್ನೊಂದು. ಸಂಕೇತ ತೋರಿಸುವ ನೀಲಿ ಪರದೆ ಮೂರನೆಯದು. ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಅದು ಕಪ್ಪಾಗಿದೆ, ಜನರ ಬಾಯಲ್ಲಿ ಇನ್ನೂ ನೀಲಿಯೇ. ಯಾವ ಮಾತೂ ಆಡದೆ ದೀಪ ಆರಿದಂತೆ ಯಂತ್ರವೇ ಆರಿಬಿಡುವುದು ನಾಲ್ಕನೆಯದು. ಮೊದಲನೆಯದರಲ್ಲಿ ಆಟದ ಕಡತ, ಡ್ರೈವರ್ (ಯಂತ್ರಾಂಶವನ್ನು ವಿಂಡೋಸ್‌ಗೆ ಜೋಡಿಸುವ ತಂತ್ರಾಂಶ) ಅಥವಾ ರ‍್ಯಾಮ್ ಮೇಲೆ ಅನುಮಾನ. ಕೊನೆಯದರಲ್ಲಿ ವಿದ್ಯುತ್ ಮೇಲೆ.

ನಮ್ಮ ಹುಡುಗನದು ನಾಲ್ಕನೆಯದು.

ಇಂಥಲ್ಲಿ ಮೊದಲು ತೆರೆಯಬೇಕಾದದ್ದು ಕ್ಯಾಬಿನೆಟ್ ಅಲ್ಲ, ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ದಾಖಲೆ ತೋರಿಸುವ ಇವೆಂಟ್ ವ್ಯೂವರ್. ಅದರ ಸಿಸ್ಟಂ ಲಾಗ್‌ನಲ್ಲಿ ‘ಕರ್ನೆಲ್-ಪವರ್ 41’ ಎಂಬ ಕೆಂಪು ಗುರುತು ಸಿಕ್ಕಿತು. ಅನೇಕರು ಇದನ್ನೇ ರೋಗದ ಹೆಸರೆಂದು ತಿಳಿಯುತ್ತಾರೆ. ಅದು ಹೇಳುವುದು ಇಷ್ಟೇ: ಕಳೆದ ಬಾರಿ ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ. ಅದೇ ದಾಖಲೆಯ ವಿವರದಲ್ಲಿ ಬಗ್‌ಚೆಕ್ ಕೋಡ್ (ನೀಲಿ ಪರದೆಯ ಸಂಕೇತ) ಎಂಬ ಸಾಲು ಇರುತ್ತದೆ. ಅಲ್ಲಿ ಸೊನ್ನೆ ಇದ್ದರೆ, ವಿಂಡೋಸ್‌ಗೆ ಏನನ್ನೂ ಬರೆದಿಡಲು ಬಿಡುವು ಸಿಗಲಿಲ್ಲ ಎಂದರ್ಥ. ಕರೆಂಟು ತಪ್ಪಿರಬೇಕು, ಇಲ್ಲವೇ ಎಲ್ಲವೂ ಹೆಪ್ಪುಗಟ್ಟಿ ರೀಸೆಟ್ ಒತ್ತಿರಬೇಕು. ಇಲ್ಲಿ ಇದ್ದದ್ದು ಸೊನ್ನೆ.

ಆದರೆ ಕರೆಂಟು ತಪ್ಪಿದರೆ ಯಾವಾಗ ಬೇಕಾದರೂ ಆರಬೇಕಲ್ಲ? ಅದೇ ಯಂತ್ರದಲ್ಲಿ ದಿನವಿಡೀ ಟೈಪ್ ಮಾಡಿದರೂ ಏನೂ ಆಗುತ್ತಿರಲಿಲ್ಲ. ನನಗೆ ಈ ಪಾಠದಲ್ಲಿ ತುಂಬ ಹಿಡಿಸಿದ ಭಾಗ ಇದು, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ.

ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯ ಒಳಗೆ ಒಂದು ದೊಡ್ಡ ಕೆಪಾಸಿಟರ್ ಇದೆ. ಮನೆಯ ಮೇಲಿನ ನೀರಿನ ಟ್ಯಾಂಕಿನಂತೆ ಅದು. ಗೋಡೆಯಿಂದ ಬರುವ ವಿದ್ಯುತ್ ಅರೆಕ್ಷಣ ತಪ್ಪಿದರೆ ಅದರಲ್ಲಿ ತುಂಬಿಟ್ಟದ್ದೇ ಯಂತ್ರವನ್ನು ನಡೆಸಬೇಕು. ಪೂರ್ಣ ಹೊರೆಯಲ್ಲೂ ಸುಮಾರು 16 ಮಿಲಿಸೆಕೆಂಡ್ ನಡೆಸಬೇಕೆಂಬುದು ಇಂಥ ಪೆಟ್ಟಿಗೆಗಳಿಗಿರುವ ಎಟಿಎಕ್ಸ್ ಮಾನದಂಡದ ಹಳೆಯ ಲೆಕ್ಕ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತ 20 ಮಿಲಿಸೆಕೆಂಡ್, ಅಂದರೆ ಈ 16 ಒಂದು ಆವರ್ತಕ್ಕಿಂತಲೂ ಕಡಿಮೆ. ಟೈಪ್ ಮಾಡುವಾಗ ಒಂದೇ ನಲ್ಲಿ ತೆರೆದಿರುತ್ತದೆ, ಟ್ಯಾಂಕಿನ ನೀರು ಹೆಚ್ಚು ಹೊತ್ತು ಬರುತ್ತದೆ. ಆಟ ಶುರುವಾದರೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಫ್ಯಾನ್ ಎಲ್ಲ ನಲ್ಲಿಗಳೂ ಒಟ್ಟಿಗೆ ತೆರೆಯುತ್ತವೆ. ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಟ್ಯಾಂಕೇ ಚಿಕ್ಕದು. ಅಷ್ಟೇ ಅಲ್ಲ, ದೊಡ್ಡ ಗ್ರಾಫಿಕ್ಸ್ ಕಾರ್ಡ್‌ಗಳು ಮಿಲಿಸೆಕೆಂಡುಗಳ ಮಟ್ಟಿಗೆ ತಮ್ಮ ನಮೂದಿತ ವ್ಯಾಟ್‌ನ ಎರಡು ಪಟ್ಟಿನವರೆಗೂ ಎಳೆಯಬಲ್ಲವು. 2022ರ ಎಟಿಎಕ್ಸ್ 3.0 ಮಾನದಂಡ ಈ ಕ್ಷಣಿಕ ಎಳೆತವನ್ನು ಗಮನದಲ್ಲಿಟ್ಟುಕೊಂಡೇ ಬಂತು. ಹಾಗಾಗಿ ಪೆಟ್ಟಿಗೆಯ ಮೇಲಿನ ವ್ಯಾಟ್ ಕೂಡಿಸಿ "ಸಾಕಾಗುತ್ತದೆ" ಎನ್ನುವ ಲೆಕ್ಕ ಪರೀಕ್ಷೆಗೆ ಸರಿ, ಕಂಪ್ಯೂಟರ್‌ಗೆ ಸಾಲದು.

ಈಗ ಮಲೆನಾಡಿನ ಕಡೆ ತಿರುಗೋಣ. ಯಾವ ಹೊತ್ತಿಗೆ ಆರುತ್ತದೆ ಎಂದು ಗಡಿಯಾರ ನೋಡಿ ಬರೆದಿಡಲು ಹುಡುಗನಿಗೆ ಹೇಳಿದೆ. ನಾಲ್ಕು ದಿನದ ಪಟ್ಟಿ ಬಂತು, ಎಲ್ಲವೂ ಸಂಜೆ. ಕೊಟ್ಟಿಗೆಯ ಪಕ್ಕದಲ್ಲಿ ಅಡಿಕೆ ಸುಲಿಯುವ ಯಂತ್ರ ಹಾಕುವ ಹೊತ್ತು. ಮೋಟಾರ್ ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಉದ್ದನೆಯ ಲೈನಿನ ಕೊನೆಯಲ್ಲಿರುವ ಮನೆಯಲ್ಲಿ ಆಗ ವೋಲ್ಟೇಜ್ ಕುಸಿಯುತ್ತದೆ, ಬಲ್ಬು ಮಂಕಾಗುತ್ತದೆ, ಇನ್ವರ್ಟರ್ ಟಕ್ ಎನ್ನುತ್ತದೆ. ಆ ಟಕ್‌ನಲ್ಲೇ ಕಂಪ್ಯೂಟರ್ ಸಾಯುತ್ತಿತ್ತು.

ನಮ್ಮಲ್ಲಿ ಸಿಗುವ ಅನೇಕ ಮನೆ ಇನ್ವರ್ಟರ್‌ಗಳಲ್ಲಿ ಒಂದು ಚಿಕ್ಕ ಸ್ವಿಚ್ ಇದೆ, ನಾರ್ಮಲ್ ಮತ್ತು ಯುಪಿಎಸ್ ಎಂದು. ನಾರ್ಮಲ್‌ನಲ್ಲಿ ವೋಲ್ಟೇಜ್ ಬಹಳ ಇಳಿದರೂ ಅದು ಸಹಿಸಿಕೊಂಡಿರುತ್ತದೆ, ಬ್ಯಾಟರಿಗೆ ಬದಲಾಗುವಾಗ ನಿಧಾನವಾಗಿ ಬದಲಾಗುತ್ತದೆ. ಫ್ಯಾನಿಗೆ, ದೀಪಕ್ಕೆ ಅದರಿಂದ ತೊಂದರೆ ಇಲ್ಲ. ಯುಪಿಎಸ್‌ನಲ್ಲಿ ಸುಮಾರು 180 ವೋಲ್ಟ್‌ಗೆ ಇಳಿದ ತಕ್ಷಣ, ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬದಲಾಗುತ್ತದೆ. ಸ್ವಿಚ್ ನಾರ್ಮಲ್‌ನಲ್ಲಿತ್ತು. ಅದನ್ನು ಸರಿಸಿದ ಮೇಲೆ ಸಂಜೆಯ ಸಾವು ನಿಂತಿತು. ಬ್ಯಾಟರಿ ಪದೇ ಪದೇ ಕೆಲಸ ಮಾಡಬೇಕಾಗುತ್ತದೆ ಎಂದು ಚಿಕ್ಕಪ್ಪ ಗೊಣಗಿದರು. ಅವರ ಮಾತೂ ಸುಳ್ಳಲ್ಲ. ನುಣುಪಾದ ಅಲೆಯ ಬದಲು ಚೌಕಾಕಾರದ ಅಲೆಯ ವಿದ್ಯುತ್ ಕೊಡುವ ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಇಷ್ಟಕ್ಕೇ ಮುಗಿಯುತ್ತಿರಲಿಲ್ಲ, ಏಕೆಂದರೆ ಆ್ಯಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಎಳೆಯುವ ಕರೆಂಟಿನ ರೂಪ ತಿದ್ದುವ ಭಾಗ) ಇರುವ ಕೆಲವು ಎಸ್‌ಎಂಪಿಎಸ್‌ಗಳು ಅಂಥ ವಿದ್ಯುತ್ತಿಗೆ ಒಗ್ಗುವುದಿಲ್ಲ.

ಬಿಸಿಯ ಬಗ್ಗೆ ಎರಡು ಮಾತು ಸಾಕು. ಎಲ್ಲ ತಪ್ಪನ್ನೂ ಬಿಸಿಯ ತಲೆಗೆ ಕಟ್ಟುವ ರೂಢಿ ನಮಗಿದೆ. ಆದರೆ ಬಿಸಿ ಸಾಮಾನ್ಯವಾಗಿ ಸೂಚನೆ ಕೊಟ್ಟು ಬರುತ್ತದೆ: ಪ್ರೊಸೆಸರ್ 95-100 ಡಿಗ್ರಿ ಮುಟ್ಟಿದಾಗ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. ಆಮೇಲೂ ತಣಿಯದಿದ್ದರೆ ಆರುತ್ತದೆ. ಬಚ್ಚಲ ಒಲೆಯ ಹೊಗೆ ಬರುವ ಕೋಣೆಯಲ್ಲಿ ಕ್ಯಾಬಿನೆಟ್ ಇಟ್ಟವರು ಮಾತ್ರ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಭಾಗ) ಬಿಚ್ಚಿ ನೋಡಿ. ಮಳೆಗಾಲದ ತೇವಕ್ಕೆ ಅಲ್ಲಿ ಮಸಿ ಮತ್ತು ಧೂಳು ಕಂಬಳಿಯಂತೆ ಹೆಣೆದುಕೊಂಡಿರುತ್ತವೆ, ಊದಿದರೆ ಹೋಗುವುದಿಲ್ಲ.

ನೀಲಿ ಪರದೆಯ ಸಂಕೇತಗಳಲ್ಲಿ ಮೂರನ್ನು ನೆನಪಿಡಿ. 116 ಬಂದರೆ ಗ್ರಾಫಿಕ್ಸ್ ಡ್ರೈವರ್ ಉತ್ತರಿಸಲಿಲ್ಲ. ವಿಂಡೋಸ್ ಮಾಮೂಲಾಗಿ ಎರಡು ಸೆಕೆಂಡ್ ಕಾಯುತ್ತದೆ, ಚೇತರಿಸಿಕೊಂಡರೆ ಲಾಗ್‌ನಲ್ಲಿ 4101 ಎಂದು ಬರೆದು ಮುಂದುವರಿಯುತ್ತದೆ. 124 ಎಂದರೆ ಯಂತ್ರಾಂಶದ ದೋಷ. 1ಎ ಎಂದರೆ ಮೆಮೊರಿಯ ಕಡೆ ನೋಡಬೇಕು. ಆಟವೇ ತೋರಿಸುವ ಸಂದೇಶವನ್ನು ಮಾತ್ರ ಪೂರ್ತಿ ನಂಬಬೇಡಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಸಮಸ್ಯೆ ಇದ್ದಾಗ, ಆಟಗಳು "ವಿಡಿಯೊ ಮೆಮೊರಿ ಸಾಲದು" ಎಂದು ದೂರುತ್ತಿದ್ದವು. ಜನ ಗ್ರಾಫಿಕ್ಸ್ ಕಾರ್ಡ್ ಬದಲಿಸಿದರು, ತಪ್ಪು ಪ್ರೊಸೆಸರ್‌ನದಾಗಿತ್ತು. 2024ರ ಆಗಸ್ಟ್‌ನಿಂದ ಅದಕ್ಕೆ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಮೂಲಕ ಹೊಸ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳು) ಬಂತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಲಾಯಿತು.

ಸ್ವಿಚ್ ಸರಿಸಿ ಹತ್ತು ದಿನದ ಮೇಲೆ ಹುಡುಗ ಮತ್ತೆ ಫೋನ್ ಮಾಡಿದ. ಈ ಬಾರಿ ಆರಲಿಲ್ಲ, ಆಟ ಮಾತ್ರ ತಾನಾಗಿಯೇ ಮುಚ್ಚಿಕೊಂಡಿತ್ತು. ಅವನೇ ಹಾಗೆಂದು ಬಿಡಿಸಿ ಹೇಳಿದ್ದು ನನಗೆ ಸಂತೋಷವಾಯಿತು. ಬೇರೆ ಲಕ್ಷಣ, ಬೇರೆ ದಾರಿ. ಡ್ರೈವರ್ ಹೊಸದಾಗಿ ಹಾಕಿದ್ದಾಯಿತು, ಆಟದ ಕಡತ ಪರಿಶೀಲಿಸಿದ್ದಾಯಿತು, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದು ಗುಣಪಡಿಸಿತೆಂದು ತಿಳಿಯುವುದಿಲ್ಲ. ಕೊನೆಗೆ ರಾತ್ರಿಯಿಡೀ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದ. ಬೆಳಗ್ಗೆ ಪರದೆಯ ಮೇಲೆ ಕೆಂಪು ಸಾಲುಗಳು, ಅಂದರೆ ದೋಷಗಳು. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಪೆಟ್ಟಿಗೆಯ ಮೇಲೆ ಬರೆದ ವೇಗಕ್ಕೆ ಓಡಿಸುವ ಆಯ್ಕೆ) ನಿಲ್ಲಿಸಿ ಮತ್ತೊಂದು ರಾತ್ರಿ ಓಡಿಸಿದಾಗ ಒಂದೂ ಇರಲಿಲ್ಲ. 3200ರ ವೇಗ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದ ಆ ರ‍್ಯಾಮ್, ಅವನ ಬೋರ್ಡಿನಲ್ಲಿ ಆ ವೇಗಕ್ಕೆ ನಿಲ್ಲುತ್ತಿರಲಿಲ್ಲ. ಈಗ 2666ರಲ್ಲೇ ಆಡುತ್ತಿದ್ದಾನೆ. ಗ್ರಾಫಿಕ್ಸ್ ಕಾರ್ಡ್ ಹಳೆಯದೇ ಇದೆ.